ಮನೆಯೂ ಫೋಟೊದಲ್ಲಿ ಬರಲಿ

ಬಸವನಗುಡಿ, ಬೆಂಗಳೂರು

ಚಿ. ಸೌ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ. ಪಾಪುವಿನ ನೆಗಡಿ ಇಳಿದಿದೆ ಎಂದು ನಿಮ್ಮಮ್ಮ ಹೇಳಿದಳು, ಸಮಾಧಾನವಾಯಿತು.

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅರ್ಧಂಬರ್ಧ ಉತ್ತರ ಕೊಡಲು ಮನಸ್ಸಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. "ಸಾವಿರಾರು ಫೋಟೊ ತೆಗೆದಿದ್ದೀನಿ, ಆದರೂ ದಿನಾ ನಾವು ಹೇಗಿರ್ತೀವಿ ಅಂತ ಒಂದರಲ್ಲೂ ಕಾಣಲ್ಲ, ಒಳ್ಳೇ ಕ್ಯಾಮೆರಾ ತಗೊಳ್ಳಲಾ ದೊಡ್ಡಮ್ಮ?" ಅಂದೆಯಲ್ಲ. ಕ್ಯಾಮೆರಾ ಬೇಡ, ಇರುವ ಫೋನೇ ಸಾಕು. ನೀನು ಕಳಿಸಿದ್ದನ್ನೆಲ್ಲ ಕೂತು ನೋಡಿದೆ. ಪಾಪುವಿನ ಮುಖ ಎಲ್ಲದರಲ್ಲೂ ಮುದ್ದಾಗಿ ಬಂದಿದೆ. ಆದರೆ ಪೋರ್ಟ್ರೇಟ್ ಮೋಡ್ ಹಾಕಿ ಹಾಕಿ ಮಗುವಿನ ಹಿಂದಿರುವುದನ್ನೆಲ್ಲ ಮಸುಕು ಮಾಡಿಬಿಟ್ಟಿದ್ದೀಯ. ಮೋಡ್ ಹಾಕದ ಕಡೆ ಸೋಫಾ ಮೇಲಿನ ಬಟ್ಟೆ ಎತ್ತಿಟ್ಟು, ಆಟದ ಸಾಮಾನು ಸರಿಸಿ ತೆಗೆದಿದ್ದೀಯ. ಇನ್ನು ಮನೆ ಎಲ್ಲಿಂದ ಕಾಣಬೇಕು ಹೇಳು?

ಹಿಂದೆ ಕುಕ್ಕರ್ ಇರಲಿ, ಫ್ರಿಜ್ಜಿನ ಮೇಲಿನ ಕೆಮ್ಮಿನ ಔಷಧಿ ಇರಲಿ, ಹಾಲಿನ ಲೆಕ್ಕ ಬರೆದ ಕ್ಯಾಲೆಂಡರ್, ಪಾಪು ಕ್ರೆಯಾನಿನಲ್ಲಿ ಗೀಚಿದ ಗೋಡೆ, ಎಲ್ಲವೂ ಇರಲಿ. ಅವನ ಮುಖ ಹುಟ್ಟುಹಬ್ಬದ ಫೋಟೊದಲ್ಲೂ ಸಿಗುತ್ತದೆ. ಆ ಗೋಡೆಗೆ ನೀವು ಮುಂದಿನ ಸಲ ಬಣ್ಣ ಹೊಡೆಸಿದರೆ ಮತ್ತೆಲ್ಲೂ ಸಿಗುವುದಿಲ್ಲ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಚಾಮರಾಜಪೇಟೆಯ ನಮ್ಮಜ್ಜಿ ಮನೆಯನ್ನು ನೀನು ಕಂಡಿಲ್ಲ, ನೀನು ಹುಟ್ಟುವ ಮೊದಲೇ ಅದನ್ನು ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸಿದರು. ಆಗೆಲ್ಲ ಒಂದು ರೋಲಿಗೆ 36 ಫೋಟೊ, ತೊಳೆಸಿ ಪ್ರಿಂಟ್ ಹಾಕಿಸುವ ಖರ್ಚು ಬೇರೆ. ಮದುವೆ, ಮುಂಜಿ, ನಾಮಕರಣ ಅಂದರೆ ಮಾತ್ರ ಬೀರುವಿನಿಂದ ಕ್ಯಾಮೆರಾ ಇಳಿಯುತ್ತಿತ್ತು. ಎಲ್ಲರೂ ತಲೆಬಾಗಿಲ ಮುಂದೆ ಸಾಲಾಗಿ ನಿಂತ ಫೋಟೊಗಳೇ ಆಲ್ಬಮ್ ತುಂಬ. ಒಂದೇ ಒಂದು ಬೇರೆ ಥರದ್ದಿದೆ. ರೋಲಿನಲ್ಲಿ ಉಳಿದದ್ದನ್ನು ಮುಗಿಸಿ ಸ್ಟುಡಿಯೋಗೆ ಕೊಡೋಣವೆಂದು ನಮ್ಮ ಮಾವ ಬಚ್ಚಲುಮನೆ ಕಡೆ ತಿರುಗಿ ತೆಗೆದದ್ದು. ಅಜ್ಜಿ ಬೆನ್ನು ಬಾಗಿಸಿ ಊದುಗೊಳವೆಯಲ್ಲಿ ಹಂಡೆ ಒಲೆ ಊದುತ್ತಿದ್ದಾರೆ, ಪಕ್ಕದಲ್ಲಿ ತೆಂಗಿನ ಚಿಪ್ಪಿನ ರಾಶಿ, ಟವೆಲ್ ಸುತ್ತಿಕೊಂಡು ಚಳಿಗೆ ಮುದುಡಿ ನಿಂತ ನಿಮ್ಮಮ್ಮ. ಆ ಕಾಲದ ಕಲರ್ ಪ್ರಿಂಟುಗಳಲ್ಲಿ ನೀಲಿ ಛಾಯೆ ಮೊದಲು ಮಾಸುತ್ತದೆ, ಹಾಗಾಗಿ ಫೋಟೊ ಈಗ ಪೂರ್ತಿ ಕೆಂಪಡರಿದೆ. ಆದರೂ ಅಕ್ಕತಂಗಿಯರು ಸೇರಿದಾಗಲೆಲ್ಲ ಮೊದಲು ಕೈಗೆ ಬರುವುದು ಅದೇ. ಅಜ್ಜಿಯ ಮುಖ ಅದರಲ್ಲಿ ಕಾಣುವುದೇ ಇಲ್ಲ ಕಣೇ. ಆದರೂ ಅಜ್ಜಿ ಅಂದರೆ ನಮಗೆ ಆ ಬೆನ್ನು.

ನಮ್ಮ ಮೈಸೂರಿನ ಫೋಟೊಗ್ರಾಫರ್ ಟಿ.ಎಸ್. ಸತ್ಯನ್ (1923–2009) ಜೀವಮಾನವಿಡೀ ಇಂಥ ಸಾಧಾರಣ ಜನರನ್ನು, ಆಡುವ ಮಕ್ಕಳನ್ನು ತೆಗೆದವರು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರ ಮಕ್ಕಳ ಚಿತ್ರಗಳನ್ನು ಯುನಿಸೆಫ್‌ನವರು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಕ್ಕಿಟ್ಟಿದ್ದರು. ಅವರ ಚಿತ್ರಗಳನ್ನು ಹುಡುಕಿ ನಿಧಾನವಾಗಿ ನೋಡು. ಮಕ್ಕಳು ತಮ್ಮ ಪಾಡಿಗೆ ತಾವು ಯಾವುದರಲ್ಲೋ ಮುಳುಗಿರುತ್ತಾರೆ, ಸುತ್ತಲಿನ ಬೀದಿ, ಬಾಗಿಲು, ಬಟ್ಟೆಬರೆ ಎಲ್ಲ ಜೊತೆಗೇ ಇರುತ್ತವೆ.

ನೀನು ಮಾಡುವ ಇನ್ನೊಂದು ಕೆಲಸ, "ಪಾಪು, ಇಲ್ಲಿ ನೋಡು" ಅಂತ ಕರೆಯುವುದು. ಕರೆದೊಡನೆ ಅವನು ಮಾಡುತ್ತಿದ್ದದ್ದು ನಿಂತುಹೋಗುತ್ತದೆ, ಹಲ್ಲು ಕಿರಿಯುತ್ತಾನೆ. ನಿನಗೆ ಬೇಕಿದ್ದದ್ದು ಅವನು ಮಾಡುತ್ತಿದ್ದದ್ದೇ ಅಲ್ಲವಾ? ಕರೆಯದೆ ತೆಗಿ. ಈಗ ಅವರೆಕಾಯಿ ಕಾಲ. ನಿಮ್ಮತ್ತೆ ನೆನೆಹಾಕಿದ ಕಾಳನ್ನು ಅಡುಗೆಮನೆ ನೆಲದ ಮೇಲೆ ಕೂತು ಹಿತುಕುತ್ತಾರೆ. ಹೆಬ್ಬೆರಳು ತೋರುಬೆರಳಿನ ನಡುವೆ ಅಮುಕಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ನೇರ ಪಾತ್ರೆಗೆ. ಪಾಪು ಅಮುಕಿದರೆ ಪಾತ್ರೆ ದಾಟಿ ಫ್ರಿಜ್ಜಿನ ಕೆಳಗೆ. ಅವನು ಅದರ ಹಿಂದೆ ತೆವಳುತ್ತಾನೆ, ಅಜ್ಜಿ ಗದರುತ್ತ ಇನ್ನೊಂದು ಕಾಳು ಕೈಗಿಡುತ್ತಾರೆ. ಆಗ ನೀನೂ ನೆಲದ ಮೇಲೆ ಕೂತ್ಕೋ, ಫೋನು ಅವನ ಕಣ್ಣಿನ ಮಟ್ಟಕ್ಕೆ ಬರಲಿ. ನಿಂತು ಮೇಲಿಂದ ತೆಗೆದರೆ ನೆತ್ತಿ ಮಾತ್ರ ಬರುತ್ತದೆ. ಮೊದಲು ಅಡುಗೆಮನೆ ಪೂರ್ತಿ ಬರುವಂತೆ ಒಂದು, ಆಮೇಲೆ ಹತ್ತಿರದಿಂದ ಆ ನಾಲ್ಕು ಕೈಗಳನ್ನಷ್ಟೇ ಒಂದು. ಅಷ್ಟಾದ ಮೇಲೆ ಫೋನು ಕಟ್ಟೆ ಮೇಲಿಟ್ಟು ನೀನೂ ಕಾಳು ಹಿತುಕು. ನಿನ್ನ ಮಗುವಿಗೆ ಜೊತೆಯಲ್ಲಿ ಕೂರುವ ಅಮ್ಮ ಬೇಕು. ಕೈಯಲ್ಲಿ ಫೋನು ಹಿಡಿದವಳನ್ನೇ ಅವನು ದಿನವಿಡೀ ನೋಡುವಂತಾಗಬಾರದು.

ಬೆಳಕಿನ ವಿಷಯ ಹೆಚ್ಚೇನಿಲ್ಲ. ನಿಮ್ಮ ಯುಟಿಲಿಟಿ ಬಾಗಿಲಿನಿಂದ ಬರುವ ಬೆಳಕು ಸಾಕಷ್ಟಿದೆ, ಹಗಲು ಟ್ಯೂಬ್‌ಲೈಟ್ ಆರಿಸು. ಎರಡು ಬಗೆಯ ಬೆಳಕು ಬೆರೆತರೆ ಮೈಬಣ್ಣ ಕೆಡುತ್ತದೆ. ಫ್ಲ್ಯಾಶ್ ಬೇಡವೇ ಬೇಡ. ಮಳೆಗಾಲದಲ್ಲಿ ನಮ್ಮೂರಿಗೆ ಮೋಡ ಕವಿದಿರುತ್ತದಲ್ಲ, ಆ ದಿನಗಳು ಫೋಟೊಗೆ ಬಹಳ ಒಳ್ಳೆಯವು, ಮುಖದ ಮೇಲೆ ಗಟ್ಟಿ ನೆರಳು ಬೀಳುವುದಿಲ್ಲ. ಸಂಜೆ ಕತ್ತಲಾದ ಮೇಲೆ ಓಡಾಡುವ ಮಗುವನ್ನು ತೆಗೆದರೆ ಅಲುಗಿಯೇ ಬರುತ್ತದೆ, ಬೆಳಕು ಸಾಲದೆ ಫೋನು ಹೆಚ್ಚು ಹೊತ್ತು ತಗೊಳ್ಳುತ್ತದೆ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಲೆನ್ಸನ್ನು ಮಾತ್ರ ಆಗಾಗ ಹತ್ತಿಬಟ್ಟೆಯಲ್ಲಿ ಒರೆಸು, ಒಗ್ಗರಣೆ ಕೈಯಲ್ಲಿ ಮುಟ್ಟಿ ಮುಟ್ಟಿ ಎಣ್ಣೆ ಹತ್ತಿರುತ್ತದೆ.

ಇನ್ನು ನನ್ನ ಮನಸ್ಸಿಗೆ ಹತ್ತಿದ ಮಾತು. ಅಷ್ಟೆಲ್ಲ ಫೋಟೊಗಳಲ್ಲಿ ನೀನೆಲ್ಲಿ? ಹುಡುಕಿ ಹುಡುಕಿ ನೋಡಿದೆ. ಸೀರೆ ಉಟ್ಟ ದಿನ ಬಿಟ್ಟರೆ ಇಲ್ಲವೇ ಇಲ್ಲ. ನೈಟಿಯಲ್ಲಿದ್ದೀನಿ, ತಲೆ ಬಾಚಿಲ್ಲ ಅನ್ನುತ್ತೀಯ. ಪಾಪು ದಿನಾ ಕಾಣುವ ಅಮ್ಮ ಅವಳೇ ಅಲ್ಲವೇನೆ? ಅವನಿಗೆ ಊಟ ತಿನ್ನಿಸುವಾಗ, ಯೂನಿಫಾರ್ಮಿನ ಗುಂಡಿ ಹಾಕುವಾಗ, ಅವನ ಪಕ್ಕದಲ್ಲೇ ನಿದ್ದೆ ಹೋದಾಗ ಅಳಿಯಂದಿರು ಫೋಟೊ ತೆಗೆಯಲಿ. ಅವರಿಗೆ ತಾನಾಗಿ ಹೊಳೆಯುವುದಿಲ್ಲ, ಬಾಯಿಬಿಟ್ಟು ಹೇಳು. ನೀನು ತೆಗೆದದ್ದರಲ್ಲಿ ನಿನ್ನ ಪ್ರೀತಿ ಇರುತ್ತದೆ ನಿಜ, ಆದರೆ ನಾಳೆ ಅವನು ಹುಡುಕುವುದು ನಿನ್ನನ್ನು.

ಸ್ನಾನದ್ದು, ಅಳುವುದು, ಹಟ ಮಾಡುವುದು ಮನೆಯ ಆಲ್ಬಮ್ಮಿನಲ್ಲೇ ಇರಲಿ, ಸ್ಟೇಟಸ್‌ಗೆ ಹಾಕಬೇಡ. ಶಾಲೆಯ ಬ್ಯಾಡ್ಜ್, ಮನೆಯ ನಂಬರ್ ಕಾಣುವಂಥದ್ದೂ ಅಷ್ಟೆ. ಅವನು "ಬೇಡಮ್ಮ" ಅಂದರೆ ಆ ಕ್ಷಣವೇ ಫೋನು ಇಳಿಸು. ಚಿಕ್ಕವನಾದರೂ ಅದು ಅವನ ಮುಖ.

ಫೋನಿನಲ್ಲೇ ಇಟ್ಟುಕೊಂಡರೆ ಕಳೆದುಹೋಗುತ್ತವೆ. ಒಂದು ಪ್ರತಿ ಹಾರ್ಡ್ ಡಿಸ್ಕಿಗೆ ಹಾಕು. ಪ್ರತಿ ಯುಗಾದಿಗೆ ಒಂದಷ್ಟು ಆರಿಸಿ 4×6 ಅಳತೆಯಲ್ಲಿ ಪ್ರಿಂಟ್ ಹಾಕಿಸು. ಅಂಟು ಹಾಳೆಯ ಆಲ್ಬಮ್ ಕೊಳ್ಳಬೇಡ, ಆ ಅಂಟು ಹಳದಿಯಾಗಿ ಫೋಟೊ ಕೀಳಲು ಬಾರದಂತೆ ಕಚ್ಚಿಕೊಳ್ಳುತ್ತದೆ. ಹಿಂದುಗಡೆ ಮೆತ್ತನೆಯ ಪೆನ್ಸಿಲಿನಲ್ಲಿ ತಾರೀಖು, ಯಾರು, ಎಲ್ಲಿ ಅಂತ ಬರಿ. ಪೆನ್ನನ್ನು ಒತ್ತಿ ಬರೆದರೆ ಫೋಟೊದ ಮುಂಭಾಗದಲ್ಲಿ ಗೆರೆ ಮೂಡುತ್ತದೆ.

ನಿಮ್ಮತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ಅಳಿಯಂದಿರನ್ನು ಕೇಳಿದೆನೆಂದು ಹೇಳು. ಹೊಸದಾಗಿ ತೆಗೆದದ್ದನ್ನು ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸು, ಫೋಟೊ ಎಂದು ಕಳಿಸಿದರೆ ಗಾತ್ರ ಇಳಿದುಬಿಡುತ್ತದೆ. ನಾನು ಇಲ್ಲಿ ಪ್ರಿಂಟ್ ಹಾಕಿಸಿಟ್ಟುಕೊಳ್ಳುತ್ತೇನೆ.

ಇಂತಿ ನಿನ್ನ,
ದೊಡ್ಡಮ್ಮ