ಯಂತ್ರಗಳ ನಡುವೆ ಒಂದು ಕೊರಳು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಯಂತ್ರದ ಸದ್ದುಗಳನ್ನೂ ರಾಕ್ ಸಂಗೀತವನ್ನೂ ಬೆರೆಸುವ ಇಂಡಸ್ಟ್ರಿಯಲ್ ರಾಕ್ ಎಂದರೆ ಬರೀ ಗದ್ದಲ, ಅದರಲ್ಲಿ ಹಾಡೆಲ್ಲಿದೆ ಎಂದು ನೀನು ಕೇಳಿದ್ದೆ. ಉತ್ತರವಾಗಿ ನಾನು ಒಂದೇ ಆಲ್ಬಮ್ ಮುಂದಿಡುತ್ತೇನೆ: 1989ರ ಅಕ್ಟೋಬರಿನಲ್ಲಿ ಬಂದ, ನೈನ್ ಇಂಚ್ ನೈಲ್ಸ್ ತಂಡದ ಚೊಚ್ಚಲ ಆಲ್ಬಮ್ 'ಪ್ರೆಟಿ ಹೇಟ್ ಮೆಷೀನ್'.

ತಂಡ ಎಂದೆನಾದರೂ ಆಗ ಅದೆಲ್ಲ ಹೆಚ್ಚುಕಡಿಮೆ ಟ್ರೆಂಟ್ ರೆಜ್ನರ್ ಒಬ್ಬನೇ. ಅಮೆರಿಕದ ಕ್ಲೀವ್‌ಲ್ಯಾಂಡಿನ ರೈಟ್ ಟ್ರ್ಯಾಕ್ ಸ್ಟುಡಿಯೋದಲ್ಲಿ ಕಸ ತೆಗೆಯುವುದರಿಂದ ಹಿಡಿದು ಎಂಜಿನಿಯರನಿಗೆ ನೆರವಾಗುವವರೆಗೆ ನಾನಾ ಕೆಲಸ ಮಾಡುತ್ತಿದ್ದ ಆತ, ಬೇರೆಯವರ ರೆಕಾರ್ಡಿಂಗ್ ಇಲ್ಲದ ಹೊತ್ತಿನಲ್ಲಿ, ಮಾಲೀಕನ ಒಪ್ಪಿಗೆಯಿಂದ, ಅದೇ ಯಂತ್ರಗಳ ಮುಂದೆ ಕುಳಿತು ತನ್ನ ಹಾಡುಗಳ ಡೆಮೊ, ಅಂದರೆ ಕರಡು ಮುದ್ರಣ, ಸಿದ್ಧಪಡಿಸಿದ. ತನಗೆ ಬೇಕಾದಂತೆ ನುಡಿಸುವ ವಾದಕರು ಸಿಗದಿದ್ದಾಗ, ಎಲ್ಲವನ್ನೂ ತಾನೇ ನುಡಿಸುತ್ತಿದ್ದ ಅಮೆರಿಕದ ಗಾಯಕ ಪ್ರಿನ್ಸ್‌ನ ಮಾದರಿ ಅವನಿಗೆ ಧೈರ್ಯ ಕೊಟ್ಟಿತು. ಕೀಬೋರ್ಡು, ಮುದ್ರಿಸಿಕೊಂಡ ಸದ್ದುಗಳನ್ನು ಮತ್ತೆ ನುಡಿಸುವ ಸ್ಯಾಂಪ್ಲರ್, ಕಂಪ್ಯೂಟರ್, ಇವೇ ಅವನ ಜೊತೆಗಾರರಾದವು. ಈ ಒಂಟಿತನವೇ ಆಲ್ಬಮ್ಮಿನ ಜೀವಾಳ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸುತ್ತಲಿನ ಸದ್ದೆಲ್ಲ ಅಳತೆಗೆ ಸಿಕ್ಕಿ ತಪ್ಪದೆ ಬಡಿಯುತ್ತಿರುವಾಗ ಕೊರಳೊಂದೇ ಅಳತೆ ಮೀರುತ್ತದೆ, ನಡುಗುತ್ತದೆ, ಒಡೆಯುತ್ತದೆ.

ಹಣವನ್ನೇ ದೇವರೆಂದು ಕರೆದು ಅದರ ಮೇಲೆ ಸಿಡಿದೇಳುವ 'ಹೆಡ್ ಲೈಕ್ ಎ ಹೋಲ್' ಹಾಡನ್ನೇ ಗಮನಿಸು. ಚರಣದಲ್ಲಿ ತಗ್ಗಿಕೊಂಡೇ ಸಾಗುವ ದನಿ ಪಲ್ಲವಿಗೆ ಬಂದೊಡನೆ ಗಿಟಾರಿನೊಂದಿಗೆ ಭುಗಿಲೇಳುತ್ತದೆ. ಆದರೆ ಆ ಅಬ್ಬರವನ್ನೆಲ್ಲ ತೆಗೆದಿಟ್ಟು ಬರಿಗೊರಳಿನಲ್ಲಿ ಹಾಡಿದರೂ ಧಾಟಿ ಗಟ್ಟಿಯಾಗಿ ನಿಲ್ಲುತ್ತದೆ. 'ಸಮ್‌ಥಿಂಗ್ ಐ ಕ್ಯಾನ್ ನೆವರ್ ಹ್ಯಾವ್' ಇದಕ್ಕೆ ತದ್ವಿರುದ್ಧ. ಅಲ್ಲಿ ಪಿಯಾನೋದ ಕೆಲವೇ ಸ್ವರಗಳು ಮರುಕಳಿಸುತ್ತವೆ, ಯಂತ್ರದ ಸದ್ದು ಹಿಂದೆಲ್ಲೋ ಉಳಿಯುತ್ತದೆ, ಹಾಡುವವನು ಕಿವಿಯ ಪಕ್ಕದಲ್ಲೇ ಕುಳಿತಿದ್ದಾನೆ ಎನಿಸುತ್ತದೆ. ಗದ್ದಲದ ಸಂಗೀತವೆಂದು ಹೆಸರಾದ ಪ್ರಕಾರದಲ್ಲಿ ಇಷ್ಟು ನಿರಾಯುಧವಾದ ಹಾಡನ್ನು ಮೊದಲ ಆಲ್ಬಮ್ಮಿನಲ್ಲೇ ಇಡಲು ಎದೆಗಾರಿಕೆ ಬೇಕು.

ಫ್ಲಡ್, ಜಾನ್ ಫ್ರೈಯರ್, ಏಡ್ರಿಯನ್ ಶೆರ್ವುಡ್, ಕೀತ್ ಲೆಬ್ಲಾಂಕ್ ಎಂಬ ನಾಲ್ವರು ಸಂಗೀತ ನಿರ್ಮಾಪಕರು ಬೇರೆಬೇರೆ ಹಾಡುಗಳಿಗೆ ರೆಜ್ನರ್‌ನೊಂದಿಗೆ ಕೈಜೋಡಿಸಿದ್ದರೂ ಒಟ್ಟು ಆಲ್ಬಮ್ ಒಬ್ಬನದೇ ಮಾತಿನಂತೆ ಕೇಳಿಸುತ್ತದೆ. ಎಲ್ಲವೂ ಸಮನಾಗಿದೆ ಎನ್ನಲಾರೆ: ಕೊನೆಯ ಕೆಲವು ಹಾಡುಗಳ ಡ್ರಮ್ ಮೆಷೀನಿನ (ತಾಳ ನುಡಿಸುವ ಯಂತ್ರದ) ಸದ್ದಿಗೆ ಎಂಬತ್ತರ ದಶಕದ ಮುದ್ರೆ ತುಸು ಗಾಢವಾಗಿಯೇ ಬಿದ್ದಿದೆ, 'ಡೌನ್ ಇನ್ ಇಟ್' ಹಾಡಿನಲ್ಲಿ ಕೆನಡಾದ ಸ್ಕಿನ್ನಿ ಪಪ್ಪಿ ತಂಡದ ಋಣ ಎದ್ದು ಕಾಣುತ್ತದೆ. ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಆಲ್ಬಮ್ಮುಗಳ ಪಟ್ಟಿಯಲ್ಲಿ ಇದು 75ನೆಯ ಸ್ಥಾನಕ್ಕಿಂತ ಮೇಲೇರಲಿಲ್ಲ. ಆದರೂ ಟಿವಿಟಿ ಎಂಬ ಸ್ವತಂತ್ರ ಸಂಸ್ಥೆಯಿಂದ ಬಂದ ಈ ಆಲ್ಬಮ್, ನಿರಂತರ ಪ್ರವಾಸ ಮತ್ತು 1991ರ ಲೊಲ್ಲಪಲೂಜಾ ಎಂಬ ಸಂಚಾರಿ ಸಂಗೀತೋತ್ಸವದ ಕಛೇರಿಗಳ ಬಲದಿಂದ ಕೇಳುಗರನ್ನು ಗಳಿಸುತ್ತ ಹೋಗಿ ಅಮೆರಿಕದಲ್ಲಿ ಹತ್ತು ಲಕ್ಷ ಪ್ರತಿಗಳ ಮಾರಾಟಕ್ಕೆ ಸಿಗುವ ಪ್ಲಾಟಿನಂ ಮನ್ನಣೆ ಪಡೆಯಿತು.

ಐದನೆಯ ಹಾಡಾದ ಆ ಪಿಯಾನೋದ ಹಾಡಿನಿಂದಲೇ ಶುರುಮಾಡು, ಆಮೇಲೆ ಮೊದಲಿನಿಂದ ಪೂರ್ತಿ ಕೇಳು. ಗಿಟಾರಿನ ಭಾರ ಇನ್ನೂ ಹೆಚ್ಚಿರುವ ಇದೇ ತಂಡದ 1992ರ 'ಬ್ರೋಕನ್' ಬಗ್ಗೆ ನಿನ್ನ ಉತ್ತರ ಬಂದ ಮೇಲೆ ಬರೆಯುತ್ತೇನೆ.

ನಿನ್ನ ಪ್ರೀತಿಯ ಗೆಳೆಯ