ಸ್ಕ್ರೂ ತಿರುಗಿಸುವ ಮೊದಲು ಕಾರಣ ಹುಡುಕಲಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ಹಾಲು ಹಾಕುವವರೊಬ್ಬರು ತಮ್ಮ ನೂರು ಸಿಸಿಯ 2012ರ ಬೈಕನ್ನು ನನ್ನ ಗ್ಯಾರೇಜಿಗೆ ತಳ್ಳಿಕೊಂಡು ಬಂದರು. ಎರಡು ದಿನಗಳ ಹಿಂದಷ್ಟೇ ಮಾಡಿಸಿದ ಹೊಗೆ ತಪಾಸಣೆಯ ಪ್ರಮಾಣಪತ್ರ ಅವರ ಜೇಬಿನಲ್ಲಿತ್ತು. ಗಾಡಿ ಮಾತ್ರ ಬೆಳಗಿನ ಚಳಿಯಲ್ಲಿ ಹತ್ತಿಪ್ಪತ್ತು ಕಿಕ್ ಹೊಡೆದರೂ ಸ್ಟಾರ್ಟ್ ಆಗುತ್ತಿರಲಿಲ್ಲ, ಸ್ಟಾರ್ಟ್ ಆದರೆ ಎಕ್ಸಿಲರೇಟರ್ ಬಿಟ್ಟ ಕೂಡಲೇ ನಿಂತುಹೋಗುತ್ತಿತ್ತು. ತಪಾಸಣೆ ಕೇಂದ್ರದಲ್ಲಿ ಮೊದಲ ಸಲ ಕಾರ್ಬನ್ ಮಾನಾಕ್ಸೈಡ್ ಮಿತಿ ಮೀರಿತ್ತಂತೆ. ಅಲ್ಲಿದ್ದವರೇ, ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬೊರೇಟರಿನ ಮಿಶ್ರಣದ ಸ್ಕ್ರೂವನ್ನು ಒಂದಷ್ಟು ಬಿಗಿದು, ಐಡ್ಲಿಂಗ್ (ಎಕ್ಸಿಲರೇಟರ್ ಬಿಟ್ಟಾಗ ಎಂಜಿನ್ ಓಡುವ ವೇಗ) ಏರಿಸಿ, ಎರಡನೇ ಸಲ ಪಾಸ್ ಮಾಡಿ ಕಳಿಸಿದ್ದರು. ಇಂಥ ಗಾಡಿಗಳು ನನ್ನಲ್ಲಿಗೆ ಆಗಾಗ ಬರುತ್ತಿರುವುದರಿಂದ ಈ ಪತ್ರ ಬರೆಯಬೇಕೆನಿಸಿತು.

2000ದ ಈಚೆಗೆ ತಯಾರಾದ ಆ ಬೈಕಿನಂಥ ನಾಲ್ಕು ಸ್ಟ್ರೋಕಿನ ಗಾಡಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ 3.5ನ್ನೂ ಉರಿಯದೆ ಉಳಿದ ಪೆಟ್ರೋಲಿನ ಅಂಶವಾದ ಹೈಡ್ರೋಕಾರ್ಬನ್ 4,500 ಪಿಪಿಎಂ (ಹತ್ತು ಲಕ್ಷದಲ್ಲಿ 4,500 ಪಾಲು) ಅನ್ನೂ ಮೀರಬಾರದೆಂದು ನಿಯಮವಿದೆ. ಈ ಎರಡು ಅಂಕಿಗಳು ಪಾಸ್–ಫೇಲ್ ಹೇಳುವುದಕ್ಕಷ್ಟೇ ಇರುವುದಲ್ಲ, ಎಂಜಿನ್ನಿನ ಒಳಗೆ ಏನಾಗಿದೆ ಎಂಬುದನ್ನೂ ತಿಳಿಸುತ್ತವೆ. ಒಂದು ಪಾಲು ಪೆಟ್ರೋಲ್ ಸರಿಯಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಗಾಳಿ ಕಡಿಮೆಯಾಗಿ ಪೆಟ್ರೋಲ್ ಹೆಚ್ಚಾದರೆ, ಅಂದರೆ ನಾವು ಗ್ಯಾರೇಜಿನಲ್ಲಿ ಹೇಳುವಂತೆ ‘ರಿಚ್’ ಆದರೆ, ಮೊದಲು ಏರುವುದು ಕಾರ್ಬನ್ ಮಾನಾಕ್ಸೈಡ್. ಅದು ಮಿತಿಯೊಳಗಿದ್ದು ಹೈಡ್ರೋಕಾರ್ಬನ್ ಮಾತ್ರ ಏರಿದ್ದರೆ ಮೊದಲು ಪ್ಲಗ್ಗಿನ ಕಿಡಿಯನ್ನೋ ವಾಲ್ವನ್ನೋ ನೋಡಬೇಕೇ ಹೊರತು ಕೂಡಲೇ ಕಾರ್ಬೊರೇಟರಿಗೆ ಕೈ ಹಾಕಬಾರದು. ತಪಾಸಣೆಯ ಚೀಟಿಯಲ್ಲಿ ಅಚ್ಚಾಗಿ ಬರುವ ಈ ಅಂಕಿಗಳ ಅರ್ಥವನ್ನು ಗಾಡಿಯವರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ ಎಂಬುದೇ ನನ್ನ ಬೇಸರ.

ಹಾಲಿನವರ ಗಾಡಿಯ ಪ್ಲಗ್ ಬಿಚ್ಚಿದಾಗ ತುದಿಗೆ ದೀಪದ ಕಾಡಿಗೆಯಂಥ ಒಣ ಮಸಿ ಮೆತ್ತಿತ್ತು, ಬೆರಳಿಂದ ಒರೆಸಿದರೆ ಪುಡಿಯಾಗಿ ಬಂತು. ಅದೇ ಮಸಿ ಎಣ್ಣೆಯಿಂದ ಒದ್ದೆಯಾಗಿದ್ದಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲಿನ ಮೇಲೆ ಅನುಮಾನ ಪಡಬೇಕಿತ್ತು. ಚೋಕ್ ಪೂರ್ತಿ ಹಿಂದಕ್ಕೆ ಬಂದಿದೆಯೇ, ಏರ್ ಫಿಲ್ಟರ್ ಧೂಳಿನಿಂದ ಕಟ್ಟಿದೆಯೇ ಎಂದು ಮೊದಲು ನೋಡಿದೆ, ಏಕೆಂದರೆ ಐಡ್ಲಿಂಗ್‌ನಲ್ಲಿ ರಿಚ್ ಆಗಿ ಓಡುವ ಎಷ್ಟೋ ಗಾಡಿಗಳ ರೋಗ ಈ ಎರಡರಲ್ಲೇ ಮುಗಿಯುತ್ತದೆ. ಇಲ್ಲಿ ಎರಡೂ ಸರಿಯಿದ್ದವು. ಆಮೇಲೆ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಪುಟ್ಟ ಬಟ್ಟಲಾದ ಫ್ಲೋಟ್ ಬೌಲಿನ ಕೆಳಗಿನ ಡ್ರೈನ್ ನಳಿಗೆಗೆ ಒಂದು ಪಾರದರ್ಶಕ ಪೈಪ್ ಸಿಕ್ಕಿಸಿ, ಅದನ್ನು ಕಾರ್ಬೊರೇಟರಿನ ಪಕ್ಕದಲ್ಲಿ ನೆಟ್ಟಗೆ ಹಿಡಿದು ಡ್ರೈನ್ ಸ್ಕ್ರೂ ಸಡಿಲಿಸಿದೆ. ಪೈಪಿನಲ್ಲಿ ಪೆಟ್ರೋಲ್ ಬೌಲಿನ ಜಾಯಿಂಟ್ ದಾಟಿ ಮೇಲೇರಿತು. ಬೌಲ್ ತೆಗೆದು ಫ್ಲೋಟ್ ನೀಡಲ್ ಹೊರಗೆಳೆದರೆ ಅದರ ರಬ್ಬರ್ ತುದಿಯಲ್ಲಿ ಉಗುರಿಗೆ ತಾಗುವಷ್ಟು ಆಳವಾದ ಉಂಗುರದ ಗೆರೆ ಬಿದ್ದಿತ್ತು. ಪೆಟ್ರೋಲನ್ನು ತಡೆಯಬೇಕಾದ ನೀಡಲ್ಲೇ ಸವೆದು, ಬೌಲಿನಲ್ಲಿ ಪೆಟ್ರೋಲ್ ಮಟ್ಟ ಏರಿ, ಐಡ್ಲಿಂಗ್‌ನ ಸಣ್ಣ ದಾರಿಯಲ್ಲೂ ಬೇಕಾದ್ದಕ್ಕಿಂತ ಹೆಚ್ಚು ಹರಿಯುತ್ತಿತ್ತು. ಸ್ಕ್ರೂ ಬಿಗಿದದ್ದರಿಂದ ಆ ಹರಿವು ತಪಾಸಣೆಯ ಹೊತ್ತಿಗೆ ಮರೆಯಾಯಿತು, ಸವೆದ ನೀಡಲ್ ಹಾಗೆಯೇ ಉಳಿಯಿತು. ಹೀಗೆ ಬಿಟ್ಟರೆ ಉರಿಯದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಎಂಜಿನ್ ಆಯಿಲ್‌ಗೆ ಸೇರುತ್ತದೆ, ಆಮೇಲೆ ಬರುವ ಖರ್ಚಿನ ಮುಂದೆ ನೀಡಲ್ಲಿನ ಬೆಲೆ ಏನೇನೂ ಅಲ್ಲ.

ಸ್ಕ್ರೂ ಹೊಂದಿಸುವುದು ಇದೆಲ್ಲ ಆದ ಮೇಲಿನ ಕೆಲಸ. ಅದರಲ್ಲೂ ಒಂದು ತಪ್ಪು ನಮ್ಮ ಕಸುಬಿನವರಲ್ಲೇ ಬೇರೂರಿದೆ. ಸ್ಕ್ರೂ ಕಾರ್ಬೊರೇಟರಿನಲ್ಲಿ ಏರ್ ಫಿಲ್ಟರಿನ ಕಡೆ ಇದ್ದರೆ ಸಾಮಾನ್ಯವಾಗಿ ಅದು ಗಾಳಿಯ ಸ್ಕ್ರೂ, ಹೊರಕ್ಕೆ ತಿರುಗಿಸಿದಷ್ಟೂ ಪೆಟ್ರೋಲಿನ ಪಾಲು ಇಳಿಯುತ್ತದೆ; ಎಂಜಿನ್ನಿನ ಕಡೆ ಇದ್ದರೆ ಅದು ಮಿಶ್ರಣದ ಸ್ಕ್ರೂ, ಹೊರಕ್ಕೆ ತಿರುಗಿಸಿದಷ್ಟೂ ಪೆಟ್ರೋಲ್ ಏರುತ್ತದೆ. ಇದನ್ನು ಗಮನಿಸದೆ ಎಲ್ಲ ಗಾಡಿಗೂ ಒಂದೇ ದಿಕ್ಕಿಗೆ ತಿರುಗಿಸುವವರನ್ನು ನಾನು ನೋಡಿದ್ದೇನೆ. ಗಾಡಿಯನ್ನು ಹತ್ತು ನಿಮಿಷ ಓಡಿಸಿ ಎಂಜಿನ್ ಬಿಸಿಯಾದ ಮೇಲೆ, ಸ್ಕ್ರೂವನ್ನು ಮೆಲ್ಲಗೆ ಒಳಗೆ ಕೂರಿಸಿ ಕಂಪನಿ ಹೇಳಿದಷ್ಟು ಸುತ್ತು ಹೊರತೆಗೆದು, ಅಲ್ಲಿಂದ ಕಾಲು ಸುತ್ತಿನಂತೆ ಆಚೀಚೆ ಮಾಡುತ್ತ ಐಡ್ಲಿಂಗ್ ಅತಿ ಹೆಚ್ಚು ಏರುವ ಜಾಗವನ್ನು ಕಿವಿಯಿಂದ ಹಿಡಿಯಬೇಕು. ಬಳಿಕ ಐಡ್ಲಿಂಗ್ ಸ್ಕ್ರೂವಿನಿಂದ ವೇಗ ಇಳಿಸಿ ಮತ್ತೊಮ್ಮೆ ಅದನ್ನೇ ಮಾಡಬೇಕು. ಒತ್ತಿ ಬಿಗಿದರೆ ಸ್ಕ್ರೂವಿನ ಸೂಜಿಮೊನೆ ಹಾಳಾಗುತ್ತದೆ. ಐಡ್ಲಿಂಗ್ ಹೊತ್ತಿಗೆ ಪೆಟ್ರೋಲ್ ಬಿಡುವ ಸಣ್ಣ ರಂಧ್ರದ ಪೈಲಟ್ ಜೆಟ್ಟಿಗೆ ತಂತಿ ತೂರಿಸುವುದಂತೂ ಬೇಡವೇ ಬೇಡ; ಮೆದು ಹಿತ್ತಾಳೆಯ ರಂಧ್ರ ದೊಡ್ಡದಾದರೆ ರಿಚ್ ಆಗುವ ರೋಗವನ್ನು ನಾವೇ ಅಂಟಿಸಿದಂತೆ.

ನಮ್ಮ ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿ ಕರಾವಳಿಗಿಂತ ಹತ್ತರಲ್ಲಿ ಒಂದು ಪಾಲಿನಷ್ಟು ತೆಳು. ಮಂಗಳೂರಿನಲ್ಲಿ ಸರಿಯಾಗಿ ಹೊಂದಿಸಿದ ಕಾರ್ಬೊರೇಟರ್ ಸಂಪಾಜೆ ಘಾಟಿ ಹತ್ತಿ ಬಂದಾಗ ತುಸು ರಿಚ್ ಆಗುವುದು ಸಹಜ, ಅದಕ್ಕೆ ಗಾಡಿಯನ್ನು ದೂರಬಾರದು. ಇಲ್ಲಿ ಕೊಂಡು ಇಲ್ಲೇ ಓಡಿಸುವ ಗಾಡಿಗಳನ್ನಾದರೂ ಇಲ್ಲಿನ ಗಾಳಿಗೆ ಹೊಂದಿಸಿಕೊಡುವುದು ನಮ್ಮ ಹೊಣೆ.

2020ರ ಏಪ್ರಿಲ್ 1ರಿಂದ ಹೊಗೆ ಮಿತಿಯ ಬಿಎಸ್–6 ನಿಯಮ ಜಾರಿಗೆ ಬಂದು ಬಹುತೇಕ ಹೊಸ ಬೈಕುಗಳಿಗೆ ಕಾರ್ಬೊರೇಟರಿನ ಬದಲು ಫ್ಯೂಯಲ್ ಇಂಜೆಕ್ಷನ್ ಬಂದಿರುವುದರಿಂದ, ಕಾರ್ಬೊರೇಟರ್ ಬಲ್ಲ ಹೊಸ ಹುಡುಗರು ಗ್ಯಾರೇಜಿಗೆ ಬರುವುದು ಕಡಿಮೆಯಾಗುತ್ತಿದೆ. ಆದರೆ ಹಾಲು, ತರಕಾರಿ, ಪೇಪರ್ ಹೊರುವ ಹಳೆಯ ಗಾಡಿಗಳು ಇನ್ನೂ ರಸ್ತೆಯಲ್ಲಿವೆ, ಅವುಗಳ ಮೇಲೆ ಸಂಸಾರಗಳು ನಿಂತಿವೆ. ಆದ್ದರಿಂದ ಸಾರಿಗೆ ಇಲಾಖೆಯಲ್ಲಿ ನನ್ನ ಕೋರಿಕೆ ಇಷ್ಟು: ತಪಾಸಣೆಯಲ್ಲಿ ಫೇಲಾದ ಗಾಡಿಯ ಮೊದಲ ಅಂಕಿಗಳನ್ನೂ ಚೀಟಿಯಲ್ಲಿ ಉಳಿಸಬೇಕು, ಯಾವ ಅಂಕಿ ಏರಿದರೆ ಏನನ್ನು ನೋಡಿಸಬೇಕೆಂಬ ನಾಲ್ಕು ಸಾಲನ್ನು ಅದರ ಹಿಂಬದಿಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಬೇಕು, ಮತ್ತು ತಪಾಸಣೆ ಮಾಡುವವರೇ ಅಲ್ಲೇ ನಿಂತು ಸ್ಕ್ರೂ ತಿರುಗಿಸಿ ಪಾಸ್ ಮಾಡುವುದನ್ನು ನಿಲ್ಲಿಸಬೇಕು.

ಇತಿ,
ದ್ವಿಚಕ್ರ ವಾಹನ ಮೆಕ್ಯಾನಿಕ್, ಮಡಿಕೇರಿ