ಚಿತ್ರಪುಸ್ತಕದ ಕೊನೆಗೊಂದು ನೀತಿವಾಕ್ಯ ಏಕೆ?

ಮಾನ್ಯ ಸಂಪಾದಕರೇ,

ಎಳೆಯ ಮಕ್ಕಳಲ್ಲಿ ಗೌರವ ಮತ್ತು ಕೃತಜ್ಞತೆಯ ಭಾವ ಬೆಳೆಸುವ ಉದ್ದೇಶದಿಂದಲೇ ಸಿದ್ಧವಾದ ಚಿತ್ರಪುಸ್ತಕಗಳು ಇಂದು ಸಿಗುತ್ತವೆ ಎಂಬುದು ಸಂತೋಷದ ಸಂಗತಿ. ಆದರೆ ಇವುಗಳಲ್ಲಿ ಹಲವು, ಕಥೆ ಮುಗಿದ ಮೇಲೆ ದಪ್ಪ ಅಕ್ಷರಗಳಲ್ಲಿ ಒಂದು ನೀತಿವಾಕ್ಯವನ್ನು ಅಚ್ಚು ಹಾಕಿ, ಕಲಿಸುವ ಕೆಲಸ ಅಲ್ಲಿಗೆ ಮುಗಿಯಿತೆಂದು ಭಾವಿಸಿದಂತೆ ಕಾಣುತ್ತದೆ. ಓದಿ ಹೇಳುವ ಹಿರಿಯರೂ ಆ ವಾಕ್ಯವನ್ನು ಮಗುವಿನ ಬಾಯಲ್ಲಿ ಒಂದೆರಡು ಸಲ ಹೇಳಿಸಿ ಪುಸ್ತಕ ಮುಚ್ಚಿಬಿಡುತ್ತಾರೆ. ಪುಟ್ಟ ಮಕ್ಕಳಿಗೆ ಪುಸ್ತಕ ಓದಿ ಹೇಳುವ ಕೆಲಸದಲ್ಲಿರುವ ನಾನು ಕಂಡುಕೊಂಡಂತೆ, ಮಗು ಕಲಿಯುವುದೇನಿದ್ದರೂ ಆ ವಾಕ್ಯಕ್ಕೆ ಮುಂಚಿನ ಪುಟಗಳಲ್ಲಿ, ಅದರಲ್ಲೂ ಚಿತ್ರಗಳಲ್ಲಿ.

ಕೊಟ್ಟದ್ದನ್ನು ತೆಗೆದುಕೊಂಡಾಗ ‘ಥ್ಯಾಂಕ್ಸ್’ ಎನ್ನುವ ಅಭ್ಯಾಸ ಬೇರೆ, ಕೃತಜ್ಞತೆ ಬೇರೆ. ಎಸ್ತರ್ ಗ್ರೈಫ್ ಮತ್ತು ಜೀನ್ ಬರ್ಕೊ ಗ್ಲೀಸನ್ 1980ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಉಡುಗೊರೆ ಪಡೆದ ಪುಟ್ಟ ಮಕ್ಕಳು ತಾವಾಗಿಯೇ ಈ ಮಾತು ಹೇಳಿದ್ದು ತೀರಾ ಅಪರೂಪ. ತಂದೆತಾಯಂದಿರು ನೆನಪಿಸಿದಾಗ ಹೆಚ್ಚಿನವರು ಹೇಳಿದರು. ನೆನಪಿಸುವುದು ತಪ್ಪಲ್ಲ, ಸಭ್ಯತೆ ರೂಢಿಯಾಗುವುದೇ ಹಾಗೆ. ಆದರೆ ನಿಜವಾದ ಕೃತಜ್ಞತೆ ಹುಟ್ಟಬೇಕಾದರೆ, ಒಬ್ಬರು ನನ್ನ ಒಳಿತನ್ನು ಬಯಸಿ, ತಮ್ಮ ಹೊತ್ತನ್ನೂ ಶ್ರಮವನ್ನೂ ಕೊಟ್ಟು, ಮಾಡಲೇಬೇಕೆಂಬ ಕಟ್ಟುಪಾಡಿಲ್ಲದಿದ್ದರೂ ಈ ಕೆಲಸ ಮಾಡಿದರು ಎಂಬುದು ಮಗುವಿಗೆ ತಿಳಿಯಬೇಕು. ಅಂದರೆ ಇನ್ನೊಬ್ಬರ ಮನಸ್ಸಿನೊಳಕ್ಕೆ ಇಣುಕಲು ಬರಬೇಕು. ಇನ್ನೊಬ್ಬರಿಗೆ ತಿಳಿದಿರುವುದು ತನಗೆ ತಿಳಿದಿರುವುದಕ್ಕಿಂತ ಬೇರೆಯಾಗಿರಬಹುದು ಎಂಬ ಅರಿವು ಮಕ್ಕಳಲ್ಲಿ ಸಾಮಾನ್ಯವಾಗಿ ನಾಲ್ಕು ವರ್ಷದ ಆಸುಪಾಸಿನಲ್ಲಿ ಗಟ್ಟಿಗೊಳ್ಳುತ್ತದೆ ಎಂಬುದನ್ನು 1983ರಲ್ಲಿ ಹೈಂಜ್ ವಿಮ್ಮರ್ ಮತ್ತು ಜೋಸೆಫ್ ಪೆರ್ನರ್ ನಡೆಸಿದ ಪ್ರಯೋಗವೂ ಅದರ ನಂತರದ ಹಲವು ಅಧ್ಯಯನಗಳೂ ತೋರಿಸಿವೆ. ಚಿತ್ರಪುಸ್ತಕಗಳನ್ನು ನಾವು ಕೈಗೆತ್ತಿಕೊಳ್ಳುವ ವಯಸ್ಸೂ ಅದೇ ಎಂಬುದನ್ನು ಮರೆಯಬಾರದು.

ಚಿತ್ರಗಳು ಹೇಗೆ ನೆರವಾಗುತ್ತವೆ ಎಂಬುದಕ್ಕೆ ಇಂಥದೊಂದು ಪುಸ್ತಕವನ್ನು ಕಲ್ಪಿಸಿಕೊಳ್ಳಬಹುದು. ಮೊದಲ ಪುಟದಲ್ಲಿ ಒಂದು ಮಗು ಹರಿದ ಚೀಲ ಹಿಡಿದು ನಿಂತಿದೆ. ಮುಂದಿನ ಪುಟದಲ್ಲಿ ಮಗು ಮಲಗಿದೆ, ಅಜ್ಜಿ ದೀಪದ ಹತ್ತಿರ ಬಾಗಿ ಕುಳಿತು ಸೂಜಿಗೆ ದಾರ ಪೋಣಿಸುತ್ತಿದ್ದಾರೆ, ಗೋಡೆಯ ಗಡಿಯಾರದಲ್ಲಿ ಹನ್ನೊಂದು ಗಂಟೆ. ಮೂರನೆಯ ಪುಟದಲ್ಲಿ ಮಗು ಚೀಲವನ್ನು ಹೆಗಲಿಗೇರಿಸಿ ಹೊರಟಿದೆ. ಅಜ್ಜಿ ಎಷ್ಟು ಕಷ್ಟಪಟ್ಟರು ಎಂದು ಪಠ್ಯದಲ್ಲಿ ಒಂದು ಮಾತೂ ಇಲ್ಲ. ಇಂಥ ಕಡೆ ಅವಸರಪಡದೆ ನಿಂತರೆ ಮಕ್ಕಳೇ ಮಾತಿಗೆ ತೊಡಗುತ್ತಾರೆ. ಅಜ್ಜಿಗೆ ನಿದ್ದೆ ಬಂದಿಲ್ಲವೇ, ಚೀಲ ಹೊಲಿದದ್ದು ಯಾರೆಂದು ಆ ಮಗುವಿಗೆ ಗೊತ್ತಿದೆಯೇ ಎಂದು ಕೇಳುತ್ತಾರೆ. ಈ ಎರಡನೆಯ ಪ್ರಶ್ನೆ ಒಮ್ಮೆ ಹೊರಟಿತೆಂದರೆ ಕೃತಜ್ಞತೆಯ ಪಾಠ ಆರಂಭವಾಯಿತೆಂದೇ ಅರ್ಥ. ಮಲಗಿದ್ದ ಮಗುವಿಗೆ ತಿಳಿಯದ ಸಂಗತಿ ಪುಸ್ತಕ ನೋಡುವ ಮಗುವಿಗೆ ತಿಳಿದಿದೆ. ಇಬ್ಬರ ತಿಳಿವಳಿಕೆಯ ನಡುವಿನ ಈ ಅಂತರವನ್ನು ಎರಡು ಚಿತ್ರಗಳು ಕಣ್ಣಿಗೆ ಕಟ್ಟುವಂತೆ ತೋರಿಸುವಷ್ಟು ಸುಲಭವಾಗಿ ಯಾವ ಉಪದೇಶವೂ ತೋರಿಸಲಾರದು.

ಓದುವ ಕ್ರಮಕ್ಕೂ ಇಷ್ಟೇ ಮಹತ್ವವಿದೆ. ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪುಸ್ತಕವನ್ನು ಸುಮ್ಮನೆ ಓದಿ ಮುಗಿಸದೆ ಪ್ರಶ್ನೆ ಕೇಳುತ್ತ, ಮಗುವಿನ ಉತ್ತರವನ್ನು ಬೆಳೆಸುತ್ತ ಓದಿದ ಪೋಷಕರ ಮಕ್ಕಳು ಮಾತಿನ ಬೆಳವಣಿಗೆಯಲ್ಲಿ ಮುಂದಿದ್ದುದು ಕಂಡುಬಂತು. ಅದು ಭಾಷೆಯ ಕಲಿಕೆಗೆ ಸಂಬಂಧಿಸಿದ್ದು ನಿಜ. ಆದರೆ ಭಾವನೆಗಳ ವಿಷಯದಲ್ಲೂ ಇದೇ ದಾರಿ ಸರಿಯೆಂಬುದು ನನ್ನ ಅಭಿಪ್ರಾಯ. ಮಗು ಹೇಳಿದ್ದು ನಾವು ಬಯಸಿದ ಉತ್ತರವಲ್ಲದಿದ್ದರೂ ಅದನ್ನು ಕೇಳಿಸಿಕೊಳ್ಳುವ ತಾಳ್ಮೆ ನಮಗಿರಬೇಕು. ತನ್ನ ಮಾತಿಗೆ ಬೆಲೆ ಸಿಕ್ಕಿದ ಮಗುವಿಗೆ ಗೌರವ ಎಂದರೇನು ಎಂಬುದನ್ನು ಬೇರೆಯಾಗಿ ವಿವರಿಸಬೇಕಾಗುವುದಿಲ್ಲ.

ಪುಸ್ತಕದ ಆಯ್ಕೆಯಲ್ಲೂ ಎಚ್ಚರ ಬೇಕು. ಸುಳ್ಳು ಹೇಳಿದವರಿಗೆ ಆದ ಕೇಡನ್ನು ತೋರಿಸುವ ಕಥೆಗಳಿಗಿಂತ, ನಿಜ ಹೇಳಿದ್ದಕ್ಕೆ ಮೆಚ್ಚುಗೆ ಸಿಕ್ಕ ಕಥೆ ಮಕ್ಕಳನ್ನು ಪ್ರಾಮಾಣಿಕತೆಯತ್ತ ಒಲಿಸಿತು ಎಂದು 2014ರ ಒಂದು ಸಂಶೋಧನೆ ತಿಳಿಸಿದೆ. ಟೊರಾಂಟೊದಲ್ಲಿ ನಾಲ್ಕರಿಂದ ಆರು ವರ್ಷದ ಮಕ್ಕಳೊಂದಿಗೆ ನಡೆದು 2017ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದ ಪ್ರಕಾರ, ಹಂಚಿಕೊಳ್ಳುವ ಗುಣದ ಕಥೆಯನ್ನು ಮನುಷ್ಯ ಪಾತ್ರಗಳೊಂದಿಗೆ ಕೇಳಿದ ಮಕ್ಕಳು ಹೆಚ್ಚು ಹಂಚಿಕೊಂಡರು. ಅದೇ ಕಥೆಯನ್ನು ಮನುಷ್ಯರಂತೆ ವರ್ತಿಸುವ ಪ್ರಾಣಿಗಳ ಚಿತ್ರಗಳೊಂದಿಗೆ ಕೇಳಿದವರಲ್ಲಿ ಆ ಪರಿಣಾಮ ಕಾಣಲಿಲ್ಲ. ಹಾಗೆಂದು ಪ್ರಾಣಿಗಳ ಕಥೆಗಳನ್ನು ಬಿಟ್ಟುಬಿಡಬೇಕೆಂದು ನಾನು ಹೇಳುತ್ತಿಲ್ಲ, ಮಕ್ಕಳಿಗೆ ಅವು ಕೊಡುವ ಸಂತೋಷವೇ ಸಾಕಷ್ಟು ದೊಡ್ಡದು.

ಗೌರವದ ಹೆಸರಿನಲ್ಲಿ ಬರುವ ಪುಸ್ತಕಗಳ ಬಗ್ಗೆ ನನಗೆ ಇನ್ನೂ ಒಂದು ಆಕ್ಷೇಪವಿದೆ. ಅವುಗಳಲ್ಲಿ ಕಿರಿಯರು ಹಿರಿಯರಿಗೆ ತಲೆಬಾಗುವ ಚಿತ್ರಗಳೇ ತುಂಬಿರುತ್ತವೆ. ಹಿರಿಯರೊಬ್ಬರು ಮಗುವಿನ ಮಾತು ಕೇಳಲು ಕೆಳಗೆ ಕುಳಿತಿರುವ ಚಿತ್ರವಾಗಲಿ, ತಮ್ಮ ತಪ್ಪಿಗೆ ಮಗುವಿನ ಕ್ಷಮೆ ಕೇಳುವ ಚಿತ್ರವಾಗಲಿ ಸಿಗುವುದು ಕಷ್ಟ. ದುಡಿಯುವ ಜನರಂತೂ ಪುಟದ ಅಂಚಿನಲ್ಲಿ, ಮುಖವೇ ಕಾಣದಷ್ಟು ಚಿಕ್ಕದಾಗಿ ಉಳಿದುಬಿಡುತ್ತಾರೆ. ಯುರೋಪಿನ ಶಿಕ್ಷಣತಜ್ಞ ಕೊಮೆನಿಯಸ್ 1658ರಲ್ಲಿ ಮಕ್ಕಳಿಗಾಗಿ ಹೊರತಂದ ಸಚಿತ್ರ ಪಠ್ಯದಲ್ಲೇ ದರ್ಜಿ, ಬಡಗಿ, ಚಮ್ಮಾರರ ಕೆಲಸಗಳಿಗೆ ಪ್ರತ್ಯೇಕ ಚಿತ್ರಗಳಿದ್ದವು. ಯಾರನ್ನು ದೊಡ್ಡದಾಗಿ ಬರೆದಿದ್ದಾರೆ, ಯಾರನ್ನು ಮೂಲೆಗೆ ಸರಿಸಿದ್ದಾರೆ ಎಂಬುದನ್ನು ಅಕ್ಷರ ಬಾರದ ಮಗುವೂ ಓದಿಕೊಳ್ಳುತ್ತದೆ ಎಂಬುದನ್ನು ಚಿತ್ರಕಾರರು ಗಮನಿಸಬೇಕು.

ಪ್ರಕಾಶಕರು ಕೊನೆಯ ಪುಟದ ನೀತಿವಾಕ್ಯವನ್ನು ಕೈಬಿಟ್ಟು ಆ ಜಾಗವನ್ನು ಇನ್ನೊಂದು ಚಿತ್ರಕ್ಕೆ ಕೊಡಲಿ ಎಂದು ಕೋರುತ್ತೇನೆ. ಮಕ್ಕಳ ಪುಟ ಪ್ರಕಟಿಸುವ ಪತ್ರಿಕೆಗಳೂ ಆಗಾಗ ಪದಗಳಿಲ್ಲದ ಮೂರು ನಾಲ್ಕು ಚಿತ್ರಗಳ ಕಥೆಯೊಂದನ್ನು ಅಚ್ಚು ಮಾಡಿ, ಅದರ ಕೆಳಗೆ ಹಿರಿಯರಿಗಾಗಿ ‘ಇಲ್ಲಿ ಯಾರು ಯಾರಿಗಾಗಿ ಏನು ಮಾಡಿದರು?’ ಎಂಬ ಒಂದೇ ಪ್ರಶ್ನೆಯನ್ನು ಕೊಡಬಹುದು. ತಾವು ಈ ಸಲಹೆಯನ್ನು ದಯವಿಟ್ಟು ಪರಿಶೀಲಿಸಬೇಕು.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ